ನೆಗೆಯಲಾರದ ಕಾಡುಪಾಪ

ಮರದ ಮೇಲೆ ಬದುಕುವ ಪ್ರಾಣಿಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ ನೆಗೆಯುತ್ತವೆ. ಕೋತಿ ಕೊಂಬೆಯಿಂದ ಕೊಂಬೆಗೆ ಹಾರುತ್ತದೆ, ಅಳಿಲು ಎರಡು ಮರಗಳ ನಡುವಿನ ಸಂದನ್ನು ಲೆಕ್ಕಿಸದೆ ಜಿಗಿಯುತ್ತದೆ, ಹಾರುವ ಅಳಿಲು ಪಕ್ಕೆಯ ತೊಗಲನ್ನು ಹರಡಿಕೊಂಡು ಗಾಳಿಯಲ್ಲಿ ತೇಲಿ ದೂರದ ಮರವನ್ನು ಸೇರುತ್ತದೆ. ನಮ್ಮ ಬಯಲುಸೀಮೆಯ ಬೇಲಿಗಳಲ್ಲೂ ಹುಣಸೆ ತೋಪುಗಳಲ್ಲೂ ಇರುವ ಕಾಡುಪಾಪವೆಂಬ ಪುಟ್ಟ ನಿಶಾಚರಿ ಪ್ರಾಣಿಗೆ ಮಾತ್ರ ಈ ವಿದ್ಯೆ ಒಲಿದಿಲ್ಲ. ಅದು ನಡೆಯುತ್ತದೆ, ಹತ್ತುತ್ತದೆ, ತಲೆಕೆಳಗಾಗಿ ಜೋತುಬಿದ್ದು ಸಾಗುತ್ತದೆ, ಅಗತ್ಯ ಬಿದ್ದರೆ ಸಾಕಷ್ಟು ಚುರುಕಾಗಿಯೇ ಓಡುತ್ತದೆ. ಆದರೆ ನಾಲ್ಕೂ ಕೈಕಾಲುಗಳನ್ನು ಒಟ್ಟಿಗೆ ಆಸರೆಯಿಂದ ಬಿಡಿಸಿಕೊಂಡು ಗಾಳಿಗೆ ಮೈಯೊಡ್ಡುವುದಿಲ್ಲ. ಈ ಪ್ರಾಣಿಯ ಮೈಕಟ್ಟು, ಕೈಯ ರಚನೆ, ಬೇಟೆಯ ರೀತಿ, ಕೊನೆಗೆ ಅದಕ್ಕೆ ಇಂದು ಒದಗಿರುವ ಆಪತ್ತು ಕೂಡ ಈ ಒಂದು ಸಂಗತಿಗೆ ಹೆಣೆದುಕೊಂಡಿವೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತ ಬಂದಿದೆ. ಆದ್ದರಿಂದ ಅದರ ಬಗ್ಗೆ ಬರೆಯಲು ಕುಳಿತಾಗ ಅಲ್ಲಿಂದಲೇ ಆರಂಭಿಸುವುದು ಸರಿ ಎನ್ನಿಸಿತು.

ಬೆಳೆದ ಕಾಡುಪಾಪದ ಉದ್ದ ತಲೆಯಿಂದ ಬೆನ್ನಿನ ಕೊನೆಯವರೆಗೆ ಸುಮಾರು 18ರಿಂದ 26 ಸೆಂಟಿಮೀಟರ್. ತೂಕ ಸಾಮಾನ್ಯವಾಗಿ 350 ಗ್ರಾಂ ಮೀರುವುದಿಲ್ಲ, ಎಷ್ಟೋ ಸಲ ಕಾಲು ಕಿಲೋಗಿಂತ ಕಡಿಮೆಯೇ ಇರುತ್ತದೆ. ಬಾಲವಿಲ್ಲ, ಅದರ ಕುರುಹಾಗಿ ಉಳಿದ ಮೂಳೆ ತುಪ್ಪಳದ ಒಳಗೆ ಮರೆಯಾಗಿರುತ್ತದೆ. ಬೆನ್ನಿನ ಮೇಲೆ ಬೂದು ಅಥವಾ ಬೂದುಗಂದು ಬಣ್ಣದ ಮೃದುವಾದ ಕೂದಲು, ಹೊಟ್ಟೆಯ ಕಡೆ ಮಾಸಿದ ಬಿಳಿ. ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕಿವಿಗಳು ತೆಳುವಾಗಿ ದುಂಡಗಿವೆ, ಮೂತಿ ಚೂಪಾಗಿ ಮುಂದಕ್ಕೆ ಚಾಚಿದೆ. ಮುಖದ ಬಹುಭಾಗವನ್ನು ಕಣ್ಣುಗಳೇ ಆವರಿಸಿಕೊಂಡಿವೆ. ಒಂದಕ್ಕೊಂದು ತೀರ ಹತ್ತಿರದಲ್ಲಿರುವ ಆ ಎರಡು ಕಣ್ಣುಗಳ ಸುತ್ತ ಗಾಢ ಕಂದು ಬಣ್ಣದ ವರ್ತುಲಗಳಿದ್ದು, ಅವುಗಳ ನಡುವೆ ಹಣೆಯಿಂದ ಮೂಗಿನವರೆಗೆ ಒಂದು ಬಿಳಿ ಪಟ್ಟೆ ಇಳಿದುಬಂದಿರುತ್ತದೆ. ಕೈಕಾಲುಗಳು ನಂಬಲಾಗದಷ್ಟು ಸಪೂರ. ತೂಕದಲ್ಲಿ ಇದನ್ನು ಹೋಲುವ ಅಳಿಲೋ ಹೆಗ್ಗಣವೋ ದುಂಡಗೆ ತುಂಬಿಕೊಂಡಂತೆ ಕಂಡರೆ, ಕಾಡುಪಾಪದ ಮೈತೂಕವೆಲ್ಲ ನಾಲ್ಕು ಉದ್ದನೆಯ ಕೋಲುಗಳಿಗೆ ಹಂಚಿಹೋದಂತೆ ಕಾಣುತ್ತದೆ. ಮೊದಲ ಸಲ ನೋಡಿದವರು ಇದಕ್ಕೆ ಊಟ ಸಿಗುತ್ತಿಲ್ಲವೇನೋ ಎಂದು ಮರುಗುವುದನ್ನು ನಾನು ಕೇಳಿದ್ದೇನೆ. ಆ ಕೃಶತೆಯೇ ಅದರ ಆರೋಗ್ಯ. ತುದಿಗೊಂಬೆಗಳ ಮೇಲೆ, ಬೆರಳು ಗಾತ್ರದ ಬಳ್ಳಿಗಳ ಮೇಲೆ ತೂಕವನ್ನು ಹರಡಿಕೊಂಡು ಎಲೆಯೂ ಅಲುಗದಂತೆ ಸಾಗಬೇಕಾದ ಮೈ ಅದು.

ಕಾಡುಪಾಪ ಕೋತಿಯ ಮರಿಯೆಂದೋ ಬೆಕ್ಕಿನ ಬಳಗದ್ದೆಂದೋ ತಿಳಿದವರು ಇಂದಿಗೂ ಇದ್ದಾರೆ. ನಾವೂ ಕೋತಿಗಳೂ ಸೇರಿದ ಪ್ರೈಮೇಟ್ ಗಣಕ್ಕೇ ಅದು ಸೇರಿದ್ದರೂ ಅದರ ಕವಲು ಬಹಳ ಹಿಂದೆಯೇ ಬೇರೆಯಾಯಿತು. ಮಡಗಾಸ್ಕರದ ಲೀಮರ್‌ಗಳು, ಆಫ್ರಿಕದ ಪೊಟ್ಟೊ, ಈಶಾನ್ಯ ಭಾರತದಿಂದ ಇಂಡೋನೇಷ್ಯಾದವರೆಗೆ ಹರಡಿರುವ ಸ್ಲೋ ಲೋರಿಸ್‌ಗಳು ಇದರ ಹತ್ತಿರದ ನೆಂಟರು. ನಾಯಿಯ ಮೂಗಿನಂತೆ ತೇವವಾಗಿರುವ ಮೂಗಿನ ತುದಿ ಈ ಕವಲಿನ ಗುರುತು; ವಾಸನೆಯ ಜಗತ್ತು ನಮಗಿಂತ ಇವುಗಳಿಗೆ ಎಷ್ಟೋ ಪಾಲು ವಿಸ್ತಾರವಾಗಿದೆ. ನಮ್ಮ ಬೂದು ಕಾಡುಪಾಪಕ್ಕೆ 1908ರಲ್ಲಿ ಸ್ಪೇನ್ ದೇಶದ ಪ್ರಾಣಿವಿಜ್ಞಾನಿ ಆಂಖೆಲ್ ಕಬ್ರೇರಾ ಅವರು ಇಂಗ್ಲೆಂಡಿನ ನಿಸರ್ಗವಿಜ್ಞಾನಿ ರಿಚರ್ಡ್ ಲೈಡೆಕರ್ ಅವರ ಗೌರವಾರ್ಥ ಲೋರಿಸ್ ಲೈಡೆಕೇರಿಯಾನಸ್ ಎಂಬ ಹೆಸರಿಟ್ಟರು. ಶ್ರೀಲಂಕಾದ ತೇವದ ಕಾಡುಗಳಲ್ಲಿರುವ, ಇನ್ನೂ ಚಿಕ್ಕದಾದ ಕೆಂಪು ಕಾಡುಪಾಪವನ್ನೂ ಇದನ್ನೂ ಬಹುಕಾಲ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು. ಈಗ ಅವೆರಡೂ ಬೇರೆ. ಭಾರತದಲ್ಲಿರುವ ಬೂದು ಕಾಡುಪಾಪದಲ್ಲಿ ಎರಡು ಉಪಪ್ರಭೇದಗಳಿವೆ. ಪಶ್ಚಿಮಘಟ್ಟದ ಮಳೆಕಾಡುಗಳಲ್ಲಿರುವ ಮಲಬಾರ್ ಕಾಡುಪಾಪ ಗಾತ್ರದಲ್ಲಿ ಚಿಕ್ಕದು, ಬಣ್ಣದಲ್ಲಿ ಕೆಂಪುಛಾಯೆಯದು. ಘಟ್ಟದ ಪೂರ್ವಕ್ಕೆ ಒಣಭೂಮಿಯಲ್ಲಿರುವುದು ಮೈಸೂರು ಕಾಡುಪಾಪ. ಅದು ತುಸು ದೊಡ್ಡದು, ಹೆಚ್ಚು ಬೂದು. ನಾನು ಹತ್ತಿರದಿಂದ ಬಲ್ಲದ್ದು ಈ ಎರಡನೆಯದನ್ನು, ಆದ್ದರಿಂದ ಮುಂದಿನ ಮಾತುಗಳೆಲ್ಲ ಹೆಚ್ಚಾಗಿ ಅದರದೇ.

ನೆಗೆಯದ ಪ್ರಾಣಿಗೆ ಹಿಡಿತವೇ ಜೀವ. ಕಾಡುಪಾಪದ ಕೈಯನ್ನು ಚಿತ್ರದಲ್ಲಿ ಗಮನಿಸಿದರೂ ಸಾಕು, ಹೆಬ್ಬೆರಳು ಉಳಿದ ಬೆರಳುಗಳಿಂದ ಎಷ್ಟು ದೂರಕ್ಕೆ ತೆರೆದುಕೊಂಡಿದೆ ಎಂಬುದು ತಿಳಿಯುತ್ತದೆ. ತೋರುಬೆರಳು ಗಿಡ್ಡವಾಗಿ ಹಿಂದೆ ಸರಿದಿರುವುದರಿಂದ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಅಗಲವಾದ ಸಂದು ಏರ್ಪಟ್ಟು, ಇಡೀ ಹಸ್ತ ಇಕ್ಕಳದಂತೆ ಕೆಲಸ ಮಾಡುತ್ತದೆ. ಪಾದದ ರಚನೆಯೂ ಇದೇ ಬಗೆಯದು. ಹೀಗೆ ಬಿಗಿಹಿಡಿದ ಮುಷ್ಟಿಯನ್ನು ಗಂಟೆಗಟ್ಟಲೆ ಸಡಿಲಿಸದೆ ಇರುವುದು ನಮ್ಮಿಂದಾಗದ ಕೆಲಸ. ಸ್ವಲ್ಪ ಹೊತ್ತಿನಲ್ಲೇ ಸ್ನಾಯುಗಳು ಸೋತು ಕೈ ಜೋಮುಹಿಡಿಯುತ್ತದೆ. ಕಾಡುಪಾಪದ ತೋಳು ಮತ್ತು ತೊಡೆಗಳಲ್ಲಿ ಮುಖ್ಯ ರಕ್ತನಾಳ ಅನೇಕ ಸಣ್ಣ ಎಳೆಗಳಾಗಿ ಕವಲೊಡೆದು ಒಂದು ಜಾಲವನ್ನೇ ಕಟ್ಟಿಕೊಂಡಿದೆ. ಸ್ನಾಯುಗಳು ಬಿಗಿದುಕೊಂಡಿದ್ದಾಗಲೂ ರಕ್ತದ ಓಡಾಟ ನಿಲ್ಲದಿರಲು ಈ ಜಾಲ ಸಹಾಯಕವೆಂದು ಅಂಗರಚನಾ ತಜ್ಞರು ಹೇಳುತ್ತಾರೆ. ಕಾಲಿನ ಎರಡನೆಯ ಬೆರಳಿಗೆ ಮಾತ್ರ ಚಪ್ಪಟೆ ಉಗುರಿನ ಬದಲು ಕೊಕ್ಕೆಯಂಥ ಉಗುರಿದ್ದು, ಅದು ಕಿವಿ, ಕತ್ತು, ತಲೆಗಳನ್ನು ಕೆರೆದುಕೊಳ್ಳಲು ಮೀಸಲು. ಕೆಳದವಡೆಯ ಮುಂದಿನ ಹಲ್ಲುಗಳು ಸಣ್ಣಗೆ, ಒತ್ತಾಗಿ, ಮುಂದಕ್ಕೆ ಬಾಗಿ ನಿಂತಿವೆ; ತುಪ್ಪಳವನ್ನು ಬಾಚಿಕೊಳ್ಳುವುದಕ್ಕೂ ತೊಗಟೆಯ ಮೇಲಿನ ಅಂಟನ್ನು ಕೆರೆಯುವುದಕ್ಕೂ ಅವೇ ಸಾಧನ. ಆ ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕೂದಲನ್ನು ತೆಗೆಯಲು ನಾಲಿಗೆಯ ಅಡಿಯಲ್ಲಿ ಇನ್ನೊಂದು ಗಡಸು ನಾಲಿಗೆಯಂಥ ಭಾಗವೂ ಇದೆ.

ಕಣ್ಣಿನ ವಿಚಾರ ಎಲ್ಲರಿಗೂ ಗೊತ್ತಿರುವಂಥದ್ದೇ ಆದರೂ ಒಂದೆರಡು ಮಾತು ಅಗತ್ಯ. ಅಕ್ಷಿಪಟಲದ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರವೊಂದಿದ್ದು, ಒಳಬಂದ ಮಂದ ಬೆಳಕು ಎರಡನೆಯ ಸಲ ಅಕ್ಷಿಪಟಲವನ್ನು ಹಾದುಹೋಗುತ್ತದೆ. ಟಾರ್ಚಿನ ಬೆಳಕಿಗೆ ಆ ಕಣ್ಣುಗಳು ಕೆಂಡದ ಬಣ್ಣದಲ್ಲಿ ಹೊಳೆಯುವುದು ಈ ಪದರದಿಂದಲೇ. ಗಿಡಗಂಟಿಗಳಲ್ಲಿ ಟಾರ್ಚು ಬಿಟ್ಟಾಗ ಜೇಡಗಳ ಕಣ್ಣುಗಳೂ ಮಿನುಗುತ್ತವೆ, ಆದರೆ ಅವು ಹಸಿರು ಛಾಯೆಯ ಸೂಜಿಮೊನೆಗಳು; ಕಾಡುಪಾಪದ್ದಾದರೆ ಒಟ್ಟೊಟ್ಟಿಗೆ ಇರುವ ಎರಡು ಕಿತ್ತಳೆಗೆಂಪು ಬಿಂದುಗಳು, ತಲೆ ಹೊರಳಿಸಿದಾಗ ಒಮ್ಮೆಲೇ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಇದನ್ನು ನೋಡಲು ಹೋಗುವವರು ಟಾರ್ಚಿನ ಗಾಜಿಗೆ ಕೆಂಪು ಸೆಲೋಫೇನ್ ಹಾಳೆಯನ್ನು ಕಟ್ಟಿಕೊಳ್ಳಬೇಕು. ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬಿಳಿ ಬೆಳಕನ್ನು ನೇರವಾಗಿ ಮುಖಕ್ಕೆ ಬಿಟ್ಟು, ಮೇಲೆ ಕ್ಯಾಮೆರಾ ಫ್ಲ್ಯಾಶ್ ಬೇರೆ ಹಾರಿಸುವವರ ಜೊತೆ ನಾನು ಹೋಗುವುದನ್ನೇ ಬಿಟ್ಟಿದ್ದೇನೆ.

ತುಮಕೂರಿನ ಕಡೆಯ ಒಂದು ರಾಗಿ ಹೊಲದ ಅಂಚಿನಲ್ಲಿ, ಸೀಗೆ ಮೆಳೆಯೂ ಜಾಲಿಯೂ ಬೆಳೆದು ಗೋಡೆಯಂತಾಗಿದ್ದ ಹಳೆಯ ಬೇಲಿಯಲ್ಲಿ ನಾನು ನೋಡಿದ ಒಂದು ಸಣ್ಣ ಘಟನೆಯನ್ನು ಇಲ್ಲಿ ಹೇಳಬೇಕು. ಬೇಲಿ ಮುಗಿಯುವಲ್ಲಿ ಒಂದು ಹೊಂಗೆ ಮರವಿತ್ತು. ಬೇಲಿಯ ಕೊನೆಯ ಜಾಲಿ ರೆಂಬೆಗೂ ಹೊಂಗೆಯ ತುದಿ ಎಲೆಗಳಿಗೂ ನಡುವೆ ಮೊಳದಷ್ಟು ಅಂತರ. ಅಳಿಲಿಗೆ ಅದು ಅಂತರವೇ ಅಲ್ಲ. ಜಾಲಿಯ ರೆಂಬೆಯ ಮೇಲೆ ಬಂದು ನಿಂತ ಕಾಡುಪಾಪ ಮೊದಲು ಮೂಗನ್ನು ಆ ಕಡೆ ಈ ಕಡೆ ಆಡಿಸಿತು. ಆಮೇಲೆ ಎರಡೂ ಹಿಂಗಾಲುಗಳಿಂದ ರೆಂಬೆಯನ್ನು ಹಿಡಿದು, ಮೈಯನ್ನು ಸ್ವಲ್ಪಸ್ವಲ್ಪವಾಗಿ ಮುಂದಕ್ಕೆ ಬಿಟ್ಟುಕೊಡುತ್ತ, ಕೊನೆಗೆ ಸೊಂಟದಿಂದ ಮುಂದಿನ ಭಾಗವೆಲ್ಲ ಆಸರೆಯಿಲ್ಲದೆ ಕತ್ತಲೆಯಲ್ಲಿ ಚಾಚಿ ನಿಂತಿತು. ಒಂದು ಕೈ ಹೊಂಗೆಯ ಒಂದೇ ಒಂದು ಎಲೆಯ ತೊಟ್ಟನ್ನು ಮುಟ್ಟಿತು, ಎಳೆಯಿತು, ತೊಟ್ಟು ಕಿತ್ತುಬಂತು. ಎಲೆಯನ್ನು ಬಿಟ್ಟು ಮತ್ತೆ ಕೈಚಾಚಿ ಈ ಸಲ ಸಣ್ಣ ಕಡ್ಡಿಯೊಂದನ್ನು ಹಿಡಿದು ತನ್ನ ಕಡೆಗೆ ಬಾಗಿಸಿಕೊಂಡಿತು, ಎರಡನೆಯ ಕೈಯಿಂದ ಅದಕ್ಕಿಂತ ದಪ್ಪದ ಕಡ್ಡಿಯನ್ನು ತಡಕಿ ಹಿಡಿಯಿತು. ಎರಡು ಗಿಡಗಳ ನಡುವೆ ತಾನೇ ಸೇತುವೆಯಾಗಿ ಬಿಗಿದುಕೊಂಡು ನಿಂತ ಆ ಹೊತ್ತಿನಲ್ಲಿ ಅದಕ್ಕೆ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ. ಒಂದು ಹಿಂಗಾಲು ಬಿಟ್ಟಿತು, ಅದು ಹೊಂಗೆಯನ್ನು ಸೇರಿತು, ಆಮೇಲೆ ಇನ್ನೊಂದು. ಜಾಲಿಯ ರೆಂಬೆ ಮೇಲಕ್ಕೆ ಚಿಮ್ಮಲೇ ಇಲ್ಲ. ಅಷ್ಟು ಹಗುರವಾಗಿ ಅದು ಬಿಡಿಸಿಕೊಂಡಿತ್ತು.

ಅಂತರ ಇನ್ನೊಂದು ಮೊಳ ಹೆಚ್ಚಿದ್ದರೆ ಅದು ಹಿಂತಿರುಗಬೇಕಿತ್ತು, ಇಲ್ಲವೇ ನೆಲಕ್ಕಿಳಿದು ದಾಟಬೇಕಿತ್ತು. ನೆಲದ ಮೇಲೆ ಕಾಡುಪಾಪ ನಡೆಯಬಲ್ಲದು, ಆದರೆ ಅಲ್ಲಿ ಅದಕ್ಕೆ ಹಿಡಿಯಲು ಏನೂ ಇಲ್ಲ.

ಊಟದ ವಿಚಾರಕ್ಕೆ ಬಂದರೆ, ಇಷ್ಟು ನಿಧಾನದ ಪ್ರಾಣಿ ಎಲೆಯನ್ನೋ ಹಣ್ಣನ್ನೋ ತಿಂದು ಬದುಕುತ್ತಿರಬೇಕೆಂದು ಯಾರಾದರೂ ಊಹಿಸಿಯಾರು. ನಿಜ ಬೇರೆಯೇ ಇದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಯ್ಯಲೂರಿನ ಕುರುಚಲು ಕಾಡಿನಲ್ಲಿ 1990ರ ದಶಕದ ಕೊನೆಯಲ್ಲಿ ಅನ್ನಾ ನೆಕಾರಿಸ್ ಅವರು ರಾತ್ರಿಯಿಡೀ ಕಾಡುಪಾಪಗಳ ಬೆನ್ನುಹತ್ತಿ ನಡೆಸಿದ ಅಧ್ಯಯನದಲ್ಲಿ, ಅವು ತಿಂದುದರಲ್ಲಿ ಶೇಕಡಾ 96ರಷ್ಟು ಪ್ರಾಣಿಜನ್ಯ ಆಹಾರವೇ ಆಗಿತ್ತು. ಅದರಲ್ಲಿಯೂ ಇರುವೆ ಮತ್ತು ಗೆದ್ದಲುಗಳದೇ ಸಿಂಹಪಾಲು. ಪ್ರೈಮೇಟ್‌ಗಳಲ್ಲಿ ಇಷ್ಟರಮಟ್ಟಿಗೆ ಮಾಂಸಾಹಾರವನ್ನೇ ನೆಚ್ಚಿಕೊಂಡವು ತೀರ ವಿರಳ. ಉಳಿದ ಅಲ್ಪ ಪಾಲು ಮರದ ಅಂಟು ಮೊದಲಾದುವುಗಳದು. ಜೀರುಂಡೆ, ಪತಂಗ, ಮಿಡತೆ, ಆಗೊಮ್ಮೆ ಈಗೊಮ್ಮೆ ಹಲ್ಲಿ ಕೂಡ ಅದರ ಬಾಯಿಗೆ ಬೀಳುವುದುಂಟು. ಬೇಟೆಯ ಕ್ರಮವೂ ಹಿಡಿತದ ಲೆಕ್ಕದಲ್ಲೇ ಇದೆ. ಬಳಿಸಾರುವಾಗ ಅದು ತೀರ ನಿಧಾನ, ಆದರೆ ಸಾಕಷ್ಟು ಹತ್ತಿರವಾದ ಮೇಲೆ ಹಿಂಗಾಲುಗಳಿಂದ ಕೊಂಬೆಗೆ ಗಟ್ಟಿಯಾಗಿ ಅಂಟಿಕೊಂಡು ಒಂದೋ ಎರಡೋ ಕೈಗಳನ್ನು ಮಿಂಚಿನ ವೇಗದಲ್ಲಿ ಚಾಚುತ್ತದೆ. ಪ್ರಾಣಿ ಜಿಗಿಯದಿದ್ದರೂ ಅದರ ಕೈ ಜಿಗಿಯುತ್ತದೆ ಎನ್ನಬಹುದು.

ಅದು ತಿನ್ನುವ ಕೀಟಗಳಲ್ಲಿ ಅನೇಕವು ವಿಷದವು, ಕುಟುಕುವಂಥವು, ಕೆಟ್ಟ ವಾಸನೆ ಸೂಸುವಂಥವು. ಬೇರೆ ಪ್ರಾಣಿಗಳು ಬಿಟ್ಟುಬಿಡುವ ಇವನ್ನು ಕಾಡುಪಾಪ ಸೀನುತ್ತ, ಜೊಲ್ಲು ಸುರಿಸುತ್ತ, ತಲೆ ಕೊಡವುತ್ತ, ಮುಖ ಸಿಂಡರಿಸಿಕೊಂಡು ತಿಂದೇ ತೀರುತ್ತದೆ. ಇದರ ಜೊತೆಗೆ ಹೆಣೆದುಕೊಂಡಿರುವ ಇನ್ನೊಂದು ಅಭ್ಯಾಸ ನೋಡುವವರಿಗೆ ಅಸಹ್ಯವೆನಿಸಬಹುದು. ಕಾಡುಪಾಪ ತನ್ನ ಮೂತ್ರವನ್ನು ಅಂಗೈಗೆ ಹಿಡಿದು ಕೈ, ಪಾದ, ಮುಖಗಳಿಗೆ ಬಳಿದುಕೊಳ್ಳುತ್ತದೆ. ಕೀಟದ ಕುಟುಕಿನ ಉರಿಯನ್ನು ಇದು ಶಮನ ಮಾಡುತ್ತದೆಂಬುದು ಒಂದು ವಿವರಣೆ, ನಡೆದ ದಾರಿಯುದ್ದಕ್ಕೂ ವಾಸನೆಯ ಗುರುತು ಬಿಡುವುದಕ್ಕೆಂಬುದು ಇನ್ನೊಂದು. ಎರಡೂ ಒಟ್ಟಿಗೇ ನಿಜವಾಗಿರಲು ಅಡ್ಡಿಯಿಲ್ಲವೆಂಬುದು ನನ್ನ ಅಭಿಪ್ರಾಯ. ನೆಗೆಯುವ ಪ್ರಾಣಿಯ ದಾರಿ ತುಂಡುತುಂಡಾಗಿರುತ್ತದೆ, ಕಾಡುಪಾಪದ ದಾರಿ ಎಲ್ಲೂ ಕಡಿಯದೆ ಸಾಗುತ್ತದೆ. ಅಂಥ ದಾರಿಗೆ ಗುರುತು ಹಚ್ಚುವುದರಲ್ಲಿ ಅರ್ಥವಿದೆ. ಅಯ್ಯಲೂರಿನ ಅದೇ ಅಧ್ಯಯನದ ಪ್ರಕಾರ ಹೆಣ್ಣೊಂದು ಒಂದೂವರೆ ಹೆಕ್ಟೇರಿನ ಆಸುಪಾಸಿನಲ್ಲಿ ತನ್ನ ರಾತ್ರಿಗಳನ್ನು ಕಳೆದರೆ ಗಂಡಿನ ವ್ಯಾಪ್ತಿ ಅದರ ಎರಡರಷ್ಟಕ್ಕಿಂತ ಹೆಚ್ಚು.

ಒಂಟಿಯಾಗಿ ಅಲೆಯುವ ಪ್ರಾಣಿಯೆಂದು ಹಿಂದಿನ ಪುಸ್ತಕಗಳು ಕಾಡುಪಾಪವನ್ನು ವರ್ಣಿಸುತ್ತಿದ್ದವು. ಬೇಟೆಯಾಡುವಾಗ ಅದು ಒಂಟಿಯೇ. ಆದರೆ ಹಗಲಿನಲ್ಲಿ ಮುಳ್ಳಿನ ಮೆಳೆಯ ಒಳಗೋ ಬಿದಿರಿನ ಹಿಂಡಿಲಲ್ಲೋ ತಲೆಯನ್ನು ತೊಡೆಗಳ ನಡುವೆ ಹುದುಗಿಸಿ ಉಂಡೆಯಾಗಿ ಮಲಗುವಾಗ ಎರಡು ಮೂರು ಕಾಡುಪಾಪಗಳು, ಕೆಲವೊಮ್ಮೆ ಇನ್ನೂ ಹೆಚ್ಚು, ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ತಾಯಿ, ಮರಿಗಳು, ಒಂದೆರಡು ಗಂಡುಗಳು. ಸಂಜೆ ಕತ್ತಲಾದ ಮೇಲೆ ಎದ್ದು ಪರಸ್ಪರ ನೆಕ್ಕಿ, ಬಾಚಿ, ಒಂದೊಂದು ದಿಕ್ಕಿಗೆ ಚೆದುರುತ್ತವೆ. ರಾತ್ರಿ ನಡುನಡುವೆ ಕೇಳಿಬರುವ ಅವುಗಳ ತೀಕ್ಷ್ಣವಾದ ಸಿಳ್ಳು ಎಷ್ಟೋ ಜನರ ಕಿವಿಗೆ ಬಿದ್ದಿರುತ್ತದೆ, ಆದರೆ ಯಾವುದೋ ರಾತ್ರಿಹಕ್ಕಿಯದೆಂದು ಅವರು ತಿಳಿದಿರುತ್ತಾರೆ. ಅಪಾಯ ಎದುರಾದರೆ ಅವು ಸದ್ದಿಲ್ಲದೆ ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತವೆ. ನೆಗೆದು ಪಾರಾಗಲಾರದ್ದಕ್ಕೆ ಕಾಣದಿರುವುದೇ ರಕ್ಷಣೆ. ಗೂಬೆ, ಪುನುಗು, ಹಾವುಗಳ ಎದುರು ಇದು ಬಹುಮಟ್ಟಿಗೆ ಸಾಗುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಮೊಬೈಲಿನಲ್ಲಿ ಹರಿದಾಡುವ, ಕಚಗುಳಿ ಇಟ್ಟರೆ ಎರಡೂ ಕೈ ಮೇಲೆತ್ತಿ "ಖುಷಿಪಡುವ" ಪ್ರಾಣಿಯ ವಿಡಿಯೋಗಳನ್ನು ನನಗೆ ಕಳಿಸುವವರಿದ್ದಾರೆ. ಅದು ನಮ್ಮ ಕಾಡುಪಾಪವಲ್ಲ, ಆಗ್ನೇಯ ಏಷ್ಯಾದ ಸ್ಲೋ ಲೋರಿಸ್. ತೋಳಿನ ಒಳಭಾಗದಲ್ಲಿ ಅದಕ್ಕೊಂದು ಗ್ರಂಥಿಯಿದ್ದು, ಅದರ ಸ್ರಾವವನ್ನು ಜೊಲ್ಲಿನೊಂದಿಗೆ ಬೆರೆಸಿಕೊಂಡು ಕಚ್ಚಿದರೆ ವಿಷವಾಗುತ್ತದೆ. ಕೈ ಮೇಲೆತ್ತುವುದು ಕಚ್ಚಲು ಸಿದ್ಧವಾಗುವ ಭಂಗಿ. ಹೆದರಿ ಕಂಗಾಲಾದ ಪ್ರಾಣಿಯನ್ನು ಲಕ್ಷಾಂತರ ಜನ ಮುದ್ದು ಎಂದು ಮೆಚ್ಚಿದ್ದಾರೆ.

ಸಂತಾನದ ವಿಷಯದಲ್ಲೂ ಕಾಡುಪಾಪಕ್ಕೆ ಅವಸರವಿಲ್ಲ. ಗರ್ಭಾವಧಿ ಸುಮಾರು ಐದೂವರೆ ತಿಂಗಳು. ಹೆಗ್ಗಣ ಮೂರ್ನಾಲ್ಕು ವಾರಗಳಲ್ಲಿ ಮರಿಹಾಕುವುದನ್ನು ನೆನೆದರೆ ಇದು ಎಷ್ಟು ದೀರ್ಘವೆಂದು ತಿಳಿದೀತು. ಒಂದು ಸೂಲಿಗೆ ಒಂದೋ ಎರಡೋ ಮರಿ, ಅವಳಿ ಅಪರೂಪವೇನಲ್ಲ. ಹುಟ್ಟಿದ ಮರಿ ಕೆಲವು ವಾರ ತಾಯಿಯ ಹೊಟ್ಟೆಗೆ ಕಚ್ಚಿಕೊಂಡೇ ಇರುತ್ತದೆ. ಆಮೇಲೆ ತಾಯಿ ಅದನ್ನು ಮುಸ್ಸಂಜೆಯಲ್ಲಿ ಒಂದು ಕೊಂಬೆಗೆ ಅಂಟಿಸಿ ಬೇಟೆಗೆ ಹೊರಡುತ್ತದೆ. ಮರಿ ರಾತ್ರಿಯಿಡೀ ಆ ಕೊಂಬೆಯ ಆಸುಪಾಸಿನಲ್ಲೇ ಇದ್ದು ಬೆಳಗಿನ ಜಾವಕ್ಕೆ ತಾಯಿ ಮರಳುವುದನ್ನು ಕಾಯುತ್ತದೆ. ಸಿಂಧು ರಾಧಾಕೃಷ್ಣ ಮತ್ತು ಮೇವಾ ಸಿಂಗ್ ಅವರ ಅಧ್ಯಯನಗಳಿಂದ ಈ ಬಾಲ್ಯದ ವಿವರಗಳು ಸಾಕಷ್ಟು ತಿಳಿದುಬಂದಿವೆ. ನನಗೆ ಬಹಳ ಇಷ್ಟವಾದ ವಿವರವೆಂದರೆ, ಹೀಗೆ ಒಂಟಿಯಾಗಿ ಬಿಟ್ಟ ಮರಿಗಳ ಬಳಿಗೆ ಗಂಡುಗಳು ಬಂದು ಅವುಗಳೊಂದಿಗೆ ಆಡಿ, ಮೈ ನೆಕ್ಕಿ ಹೋಗುತ್ತವೆ ಎಂಬುದು.

ಈ ಪ್ರಾಣಿಯ ಗರ್ಭದ ಅಧ್ಯಯನಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆಯೆಂಬುದು ಹೆಚ್ಚು ಜನರಿಗೆ ತಿಳಿಯದು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ಕಪ್ಪೆಗಳ ಅಧ್ಯಯನಕ್ಕೆ ಹೆಸರಾದ, ಮುಂದೆ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾಯರು 1927ರಲ್ಲೇ ಕಾಡುಪಾಪದ ಅಂಡಾಶಯದ ಕುರಿತು ಪ್ರಬಂಧ ಪ್ರಕಟಿಸಿದ್ದರು. 1960ರ ದಶಕದಲ್ಲಿ ಎಲ್. ಎಸ್. ರಾಮಸ್ವಾಮಿ ಮತ್ತು ಟಿ. ಸಿ. ಆನಂದ್ ಕುಮಾರ್ ಅವರು ಇದೇ ಪ್ರಾಣಿಯ ಸಂತಾನಚಕ್ರವನ್ನು ಶೋಧಿಸಿದರು. ಆನಂದ್ ಕುಮಾರ್ ಅವರು ಆಮೇಲೆ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದೂಜಾ ಅವರೊಂದಿಗೆ ಕೆಲಸ ಮಾಡಿ 1986ರಲ್ಲಿ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದ ಅದೇ ವಿಜ್ಞಾನಿ. ಬಯಲುಸೀಮೆಯ ಬೇಲಿಯ ಜೀವಿಯೊಂದರಿಂದ ಆ ಪ್ರಯೋಗಾಲಯದವರೆಗಿನ ದಾರಿಯನ್ನು ಯಾರಾದರೂ ವಿವರವಾಗಿ ಬರೆಯಬೇಕು.

ಬೇಲಿ ಎಂದು ನಾನು ಪದೇಪದೇ ಹೇಳುತ್ತಿರುವುದಕ್ಕೆ ಕಾರಣವಿದೆ. ಹೆಸರಿನಲ್ಲಿ ಕಾಡು ಇದ್ದರೂ ಮೈಸೂರು ಕಾಡುಪಾಪ ದಟ್ಟವಾದ ಎತ್ತರದ ಕಾಡಿಗೆ ಕಟ್ಟುಬಿದ್ದ ಪ್ರಾಣಿಯಲ್ಲ. ಹೊನ್ನವಳ್ಳಿ ಕುಮಾರ ಮತ್ತು ಸಂಗಡಿಗರು ಕರ್ನಾಟಕದಾದ್ಯಂತ ಸುತ್ತಿ ನಡೆಸಿದ, 2006ರಲ್ಲಿ ಪ್ರಕಟವಾದ ಸಮೀಕ್ಷೆ ರಾಜ್ಯದಲ್ಲಿ ಇದು ಎಲ್ಲೆಲ್ಲಿದೆ ಎಂಬುದನ್ನು ವ್ಯವಸ್ಥಿತವಾಗಿ ದಾಖಲಿಸಿತು. ಕುರುಚಲು ಕಾಡು, ಗುಡ್ಡದ ತಪ್ಪಲು, ಹುಣಸೆ ಮತ್ತು ಮಾವಿನ ತೋಪು, ಹೊಲಗಳ ನಡುವಿನ ಸೀಗೆ, ಜಾಲಿ, ಲಂಟಾನ, ಕಳ್ಳಿಗಳ ಸಾಲು ಇವೆಲ್ಲ ಅದರ ನೆಲೆಗಳು. ತುಮಕೂರು ತಾಲೂಕಿನ ನಾಗವಲ್ಲಿ ಕಾಡುಪಾಪಗಳಿಗೆ ಹೆಸರಾಗಿರುವುದು ಅಲ್ಲಿನ ಮರಗಿಡಗಳಿಂದ ಮಾತ್ರವಲ್ಲ, ಅಲ್ಲಿನ ಶಾಲೆಯ ಮೇಷ್ಟ್ರು ಮತ್ತು ವಿದ್ಯಾರ್ಥಿಗಳು ವರ್ಷಾನುಗಟ್ಟಲೆ ಅವುಗಳ ಮೇಲೆ ಕಣ್ಣಿಟ್ಟು ಊರವರಿಗೆ ತಿಳಿಹೇಳಿದ್ದರಿಂದ ಕೂಡ. ಬೆಂಗಳೂರಿನೊಳಗೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಅವು ಉಳಿದುಕೊಂಡಿವೆ. ಕಾಬೇರಿ ಕರ್ ಗುಪ್ತ ಅವರು 2014ರಲ್ಲಿ ಆರಂಭಿಸಿದ ನಗರದ ಕಾಡುಪಾಪಗಳ ಯೋಜನೆಯಲ್ಲಿ ಸಾಫ್ಟ್‌ವೇರ್ ನೌಕರರೂ ಗೃಹಿಣಿಯರೂ ವಿದ್ಯಾರ್ಥಿಗಳೂ ಕೆಂಪು ಬೆಳಕು ಹಿಡಿದು ರಾತ್ರಿ ಎಣಿಕೆಗೆ ಇಳಿದಿದ್ದರು.

ಕಾನೂನಿನ ಮಟ್ಟಿಗೆ ಕಾಡುಪಾಪಕ್ಕೆ ಕೊರತೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. 2022ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಪ್ರದೇಶವನ್ನು ಕಡವೂರು ಕಾಡುಪಾಪ ಧಾಮವೆಂದು ಘೋಷಿಸಿತು. ಈ ಪ್ರಾಣಿಗೆಂದೇ ಮೀಸಲಾದ ಧಾಮ ದೇಶದಲ್ಲಿ ಅದೇ ಮೊದಲನೆಯದು. ಮೂಢನಂಬಿಕೆಯ ಕಾಟ ಮಾತ್ರ ಇನ್ನೂ ತೀರಿಲ್ಲ. ಅದರ ಕಣ್ಣಿನಿಂದ ವಶೀಕರಣದ ಮದ್ದು ತಯಾರಾಗುತ್ತದೆಂದೂ, ಅದರ ಕೈಕಾಲು ಮುರಿದರೆ ಶತ್ರುವಿನ ಕೈಕಾಲು ಮುರಿಯುತ್ತದೆಂದೂ ನಂಬಿಸಿ ಹಣ ಕೀಳುವವರು ಇದ್ದಾರೆ. ಮಾಟಕ್ಕೆ ಬಳಸಿ ಎಸೆದ ಕಾಡುಪಾಪಗಳು ಆಗಾಗ ಸಿಗುತ್ತಲೇ ಇರುತ್ತವೆ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಪೊಲೀಸರಿಗೂ ಅರಣ್ಯ ಇಲಾಖೆಗೂ ಸೇರಿದ ಕೆಲಸ ಅದು, ಅದಕ್ಕೆ ಕಾನೂನು ಸಾಕು.

ನನ್ನ ಚಿಂತೆ ಕಾನೂನು ಮುಟ್ಟಲಾರದ ಇನ್ನೊಂದು ನಷ್ಟದ್ದು. ಜೀವಂತ ಬೇಲಿಗಳು ವರ್ಷದಿಂದ ವರ್ಷಕ್ಕೆ ಮಾಯವಾಗುತ್ತಿವೆ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರೆ ರೈತನಿಗೆ ಮೂರು ನಾಲ್ಕು ಅಡಿ ಜಾಗ ಉಳಿಯುತ್ತದೆ, ಸವರುವ ಕೂಲಿಯೂ ಉಳಿಯುತ್ತದೆ. ಅವನನ್ನು ದೂರುವುದು ನ್ಯಾಯವಲ್ಲ. ರಸ್ತೆ ಅಗಲವಾಗುವಾಗ ಎರಡೂ ಬದಿಯ ಹುಣಸೆ, ಆಲ, ಹೊಂಗೆಗಳು ಉರುಳುತ್ತವೆ, ಅವುಗಳ ನೆತ್ತಿಗಳು ರಸ್ತೆಯ ಮೇಲೆ ಕೂಡಿಕೊಂಡಿದ್ದ ಚಪ್ಪರ ಇಲ್ಲವಾಗುತ್ತದೆ. ಹಕ್ಕಿ ಹಾರಿಹೋಗುತ್ತದೆ, ಕೋತಿ ನೆಗೆಯುತ್ತದೆ, ನರಿ ಓಡಿ ದಾಟುತ್ತದೆ. ಹತ್ತು ಅಡಿಯ ಸಂದು ಬಿದ್ದರೂ ಕಾಡುಪಾಪದ ಪಾಲಿಗೆ ಆಚೆಯ ತೋಪು ಬೇರೊಂದು ದೇಶ. ನೆಲಕ್ಕಿಳಿದರೆ ನಾಯಿ, ಬೆಕ್ಕು, ಲಾರಿ. ಇಳಿಯದೆ ಮುಂದುವರಿಯಲು ನೋಡಿದರೆ ಕೈಗೆ ಸಿಗುವುದು ವಿದ್ಯುತ್ ತಂತಿ. ಬಳ್ಳಿಯ ದಪ್ಪ, ಬಳ್ಳಿಯ ಹಾಗೆಯೇ ಸಾಗಿದ ಸಾಲು. ಅಂತರವನ್ನು ದಾಟುವಾಗ ಒಂದು ಆಸರೆಯನ್ನು ಬಿಡುವ ಮೊದಲು ಇನ್ನೊಂದನ್ನು ಹಿಡಿಯುವ ಅದೇ ಅಭ್ಯಾಸ, ಎರಡು ತಂತಿಗಳನ್ನು ಒಟ್ಟಿಗೆ ಹಿಡಿದಾಗ ಅದನ್ನು ಕೊಲ್ಲುತ್ತದೆ. ಬಲಿಯಾಗದೆ ಉಳಿದವು ಒಂದು ತೋಪಿನೊಳಗೇ ಬಂದಿಯಾಗಿ, ಹೊರಗಿನಿಂದ ಹೊಸ ಗಂಡು ಬಾರದೆ, ಒಳಗಿನ ಮರಿಗೆ ಹೊರಟುಹೋಗಲು ದಾರಿಯಿಲ್ಲದೆ ದಿನ ತಳ್ಳುತ್ತವೆ. ಅದೇ ತೋಪಿನಲ್ಲಿ ಕೀಟನಾಶಕದ ಸಿಂಪಡಣೆಯೂ ನಡೆದರೆ ಇರುವೆ, ಗೆದ್ದಲುಗಳ ಊಟಕ್ಕೂ ಕುತ್ತು.

ಇಂಡೋನೇಷ್ಯಾದ ಜಾವಾದಲ್ಲಿ ಇದೇ ತೊಂದರೆಗೆ ಹಳ್ಳಿಯವರೂ ಸಂಶೋಧಕರೂ ಸೇರಿ ಒಂದು ಉಪಾಯ ಹೂಡಿದ್ದಾರೆ. ಅಲ್ಲಿ ತರಕಾರಿ ಹೊಲಗಳ ನಡುವೆ ಚದುರಿಹೋದ ಮರಗಳಲ್ಲಿ ಜಾವಾದ ಸ್ಲೋ ಲೋರಿಸ್‌ಗಳು ಉಳಿದಿವೆ, ಅವೂ ನೆಗೆಯಲಾರವು. ಹೊಲಕ್ಕೆ ನೀರು ಹಾಯಿಸುವ ಪೈಪುಗಳನ್ನು ನೆಲದ ಮೇಲೆ ಎಳೆಯುವ ಬದಲು ಮರದಿಂದ ಮರಕ್ಕೆ ಕಟ್ಟಿದಾಗ, ರೈತನಿಗೆ ನೀರೂ ಸಿಕ್ಕಿತು, ಪ್ರಾಣಿಗಳಿಗೆ ಸೇತುವೆಯೂ ಸಿಕ್ಕಿತು. ನಮ್ಮಲ್ಲಿ ಅಡಿಕೆ ತೋಟಕ್ಕೂ ಪಕ್ಕದ ಮಾವಿನ ತೋಪಿಗೂ ನಡುವೆ, ಕ್ಯಾಂಪಸ್ಸಿನ ಒಂದು ರಸ್ತೆಯ ಈ ಬದಿಯ ಹೊಂಗೆಗೂ ಆ ಬದಿಯ ಮಳೆಮರಕ್ಕೂ ನಡುವೆ ಇಂಥದನ್ನು ಮಾಡಿನೋಡಲು ದೊಡ್ಡ ಖರ್ಚೇನೂ ಬೇಕಿಲ್ಲ. ಹಗ್ಗವಾದರೆ ನುಣುಪಾದ ಪ್ಲಾಸ್ಟಿಕ್ಕಿನದಕ್ಕಿಂತ ತೆಂಗಿನ ನಾರಿನದು ಮೇಲು, ದಪ್ಪ ಅದರ ಪುಟ್ಟ ಮುಷ್ಟಿಯೊಳಗೆ ಹಿಡಿಯುವಷ್ಟಿರಬೇಕು, ಜೋತಾಡದಂತೆ ಬಿಗಿಯಾಗಿ ಎಳೆದಿರಬೇಕು, ಕರೆಂಟಿನ ತಂತಿಯಿಂದ ಒಂದಾಳಿಗಿಂತ ಹೆಚ್ಚು ದೂರವಿರಬೇಕು. ಎರಡೂ ತುದಿಗಳನ್ನು ಬೋಳು ಕಾಂಡಕ್ಕೆ ಬಿಗಿಯದೆ ಎಲೆ ತುಂಬಿದ ಕೊಂಬೆಗಳ ಒಳಕ್ಕೆ ಕಟ್ಟಬೇಕು, ಏಕೆಂದರೆ ತೆರೆದ ಜಾಗಕ್ಕೆ ಕೈಚಾಚುವ ಮುನ್ನ ಕಾಡುಪಾಪ ಬಹಳ ಹೊತ್ತು ಎಲೆಗಳ ಮರೆಯಲ್ಲೇ ನಿಂತು ಮೂಸಿ ನೋಡುತ್ತದೆ.